ಬೆಂಕಿಯ ನೆಲದಲ್ಲಿ ಬಾಡಿಗೆಯ ಮನೆ

ಅಗ್ನಿಪರ್ವತವೆಂದೊಡನೆ ನಮ್ಮ ಕಡೆಯವರ ಕಣ್ಣಿಗೆ ಕಟ್ಟುವುದು ಶಾಲೆಯ ಭೂಗೋಳ ಪುಸ್ತಕದ ಚಿತ್ರ. ಶಂಕುವಿನಾಕಾರದ ಒಂದು ಬೆಟ್ಟ, ಅದರ ನೆತ್ತಿಯಲ್ಲೊಂದು ಬಾಯಿ, ಬಾಯಿಂದ ಚಿಮ್ಮುವ ಕೆಂಡ, ತಪ್ಪಲಿನಲ್ಲಿ ಎದ್ದುಬಿದ್ದು ಓಡುತ್ತಿರುವ ಜನ. ಅಂಥ ನೆಲದ ಪಕ್ಕದಲ್ಲಿ ಕೆಲವು ವರ್ಷಗಳಿಂದ ಸಂಸಾರ ಹೂಡಿರುವ ನಾವು ಆ ಚಿತ್ರದ ಬೆಟ್ಟವನ್ನು ಕಂಡಿಲ್ಲ. ಆ ಓಟವನ್ನೂ ಕಂಡಿಲ್ಲ. ನಾವು ಕಂಡದ್ದು ತಿಂಗಳ ಬಾಡಿಗೆ, ಕೆಲಸದ ಪಾಳಿ, ಮಗುವಿನ ಶಾಲೆ, ಮುಗಿಯುತ್ತ ಬಂದ ರಾಗಿಹಿಟ್ಟಿನ ಡಬ್ಬ. ಇವುಗಳ ನಡುವೆಯೇ ಆಗಾಗ ನೆಲ ಬಿರಿಯುತ್ತದೆ. ಇರುಳಿನ ಆಕಾಶ ಕೆಂಪಾಗುತ್ತದೆ. ಬೆಳಗಾದೊಡನೆ ಮತ್ತೆ ಕೆಲಸಕ್ಕೆ ಹೋಗಬೇಕಾಗುತ್ತದೆ. ಆ ಬದುಕು ಹೇಗಿರುತ್ತದೆಂದು ಕೇಳುವ ಬಂಧುಮಿತ್ರರಿಗಾಗಿ ಈ ಲೇಖನ.

ನಾವು ತಾಳವಾಡಿ ಸೀಮೆಯ ಗೆಟ್ಟವಾಡಿಯವರು. ದಿಂಬಂ ಘಾಟಿಯ 27 ತಿರುವುಗಳ ಮೇಲಿರುವ ನಮ್ಮ ಸೀಮೆ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದು. ಮನೆಯ ಮಾತು ಕನ್ನಡ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ನೆರೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದರಾಸಿನಲ್ಲಿಯೇ ಉಳಿಯಿತು ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊಟ್ಟೆಪಾಡು ನಮ್ಮನ್ನು ಆ ಬೆಟ್ಟದಿಂದ ಐಸ್‌ಲೆಂಡ್ ಎಂಬ ದ್ವೀಪಕ್ಕೆ ತಂದಿತು. ದ್ವೀಪದ ನೈಋತ್ಯ ಮೂಲೆಯ ಕೆಫ್ಲವೀಕ್ ಎಂಬ ಊರಿನಲ್ಲಿ ನಮ್ಮ ಬಾಡಿಗೆ ಮನೆ. ಟೆಲಿಫೋನಿನಲ್ಲಿ ಅವ್ವನದು ಒಂದೇ ಮಾತು: "ಬೆಂಕಿ ಉಗುಳೋ ಊರಲ್ಲಿ ಯಾಕಿದ್ದೀರಿ, ಬಂದ್ಬುಡಿ."

ನೆಲ ಬಿರಿಯುವ ದ್ವೀಪ

ಐಸ್‌ಲೆಂಡಿನ ವಿಸ್ತೀರ್ಣ ಸುಮಾರು 1,03,000 ಚದರ ಕಿಲೋಮೀಟರು, ಎಂದರೆ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ಜನಸಂಖ್ಯೆ ಮಾತ್ರ ನಾಲ್ಕು ಲಕ್ಷವನ್ನು ಮುಟ್ಟಿಲ್ಲ. ಅವರಲ್ಲಿ ಹೆಚ್ಚು ಕಡಿಮೆ ಐದರಲ್ಲೊಂದು ಪಾಲು ನಮ್ಮಂತೆ ಹೊರಗಿನಿಂದ ಬಂದವರು. ಅವರ ಪೈಕಿ ಪೋಲೆಂಡಿನವರೇ ಹೆಚ್ಚು. ಮೀನಿನ ಕಾರ್ಖಾನೆ, ಹೋಟೆಲು, ಕಟ್ಟಡದ ಕೆಲಸ, ವಿಮಾನ ನಿಲ್ದಾಣ, ಎಲ್ಲೆಡೆಯೂ ಪರದೇಶದ ಕೈಗಳೇ ದುಡಿಯುತ್ತವೆ.

ಅಟ್ಲಾಂಟಿಕ್ ಸಾಗರದ ನಡುವೆ ಉತ್ತರ ದಕ್ಷಿಣವಾಗಿ ಹಾದುಹೋಗುವ ಒಂದು ಬಿರುಕಿನ ಮೇಲೆ ಈ ದ್ವೀಪ ಕುಳಿತಿದೆ. ಒಂದು ಕಡೆ ಅಮೆರಿಕದ ಭೂಫಲಕ, ಮತ್ತೊಂದು ಕಡೆ ಯುರೋಪು ಏಷ್ಯಾಗಳ ಭೂಫಲಕ. ಇವೆರಡೂ ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರಿನಂತೆ ಒಂದರಿಂದೊಂದು ದೂರ ಸರಿಯುತ್ತಿವೆ. ಸರಿದ ಎಡೆಯಲ್ಲಿ ಕೆಳಗಿನ ಶಿಲಾಪಾಕ ಮೇಲೇರುತ್ತದೆ. ಆದ್ದರಿಂದಲೇ ನಮ್ಮ ಭಾಗದಲ್ಲಿ ಬೆಟ್ಟದ ತುದಿಯಿಂದಲ್ಲ, ಬಯಲಿನಲ್ಲಿಯೇ ನೆಲ ಕಿಲೋಮೀಟರುಗಟ್ಟಲೆ ಉದ್ದಕ್ಕೆ ಸೀಳಿ ಬೆಂಕಿಯ ಬೇಲಿ ಎದ್ದುನಿಲ್ಲುತ್ತದೆ.

ಇದು ನಮಗೆ ತೀರ ಅಪರಿಚಿತವೆಂದು ಓದುಗರು ತಿಳಿಯಬೇಕಾಗಿಲ್ಲ. ಮಲ್ಪೆಯ ಕಡಲಿನಲ್ಲಿರುವ ಸೇಂಟ್ ಮೇರಿ ದ್ವೀಪಗಳ ಕಂಬಗಲ್ಲುಗಳು ಕೋಟ್ಯಂತರ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಹರಿದು ತಣಿದ ಲಾವಾದಿಂದಲೇ ಆದವು. ಬೆಳಗಾವಿ, ವಿಜಯಪುರಗಳ ಕಪ್ಪು ನೆಲದ ಅಡಿಯಲ್ಲಿರುವುದೂ ಅಂಥ ಕಲ್ಲೇ. ಅಂಡಮಾನಿನ ಬ್ಯಾರೆನ್ ದ್ವೀಪ ಇಂದಿಗೂ ಆಗಾಗ ಹೊಗೆಯಾಡುತ್ತದೆ. ಆದರೆ ಅಲ್ಲಿ ಜನವಸತಿಯಿಲ್ಲ. ನಮ್ಮಲ್ಲಿ ಕಲ್ಲಾಗಿ ತಣ್ಣಗಾದ ಕಥೆ ಇಲ್ಲಿ ಇನ್ನೂ ಬಿಸಿಯಾಗಿದೆ, ಅದರ ಮಗ್ಗುಲಲ್ಲಿ ಊರುಗಳಿವೆ. ವ್ಯತ್ಯಾಸ ಇಷ್ಟೇ.

ನಾವಿರುವ ರೇಕ್ಯಾನೆಸ್ ಪರ್ಯಾಯದ್ವೀಪ ಸುಮಾರು ಎಂಟುನೂರು ವರ್ಷ ಮಲಗಿತ್ತು. 2021ರ ಮಾರ್ಚ್ 19ರಂದು ಅದು ಎಚ್ಚೆತ್ತಿತು. ಅಂದಿನ ಬೆಂಕಿ ಜನವಸತಿಯಿಂದ ದೂರದ ಕಣಿವೆಯೊಂದರಲ್ಲಿ ಆರು ತಿಂಗಳು ಉರಿಯಿತು. ಜನ ಬುತ್ತಿ ಕಟ್ಟಿಕೊಂಡು, ಜಾತ್ರೆಗೆ ಹೋದಂತೆ ಬೆಟ್ಟ ಹತ್ತಿ ನೋಡಿ ಬಂದರು, ನಾವೂ ಹೋಗಿದ್ದೆವು. 2022ರಲ್ಲಿಯೂ 2023ರ ಬೇಸಿಗೆಯಲ್ಲಿಯೂ ಅದೇ ಕಡೆ ಮತ್ತೆ ಬೆಂಕಿ ಎದ್ದಿತು. ಬೆಂಕಿಯೆಂದರೆ ನೋಟ ಎಂಬ ಭಾವನೆ ಬೆಳೆಯತೊಡಗಿದ್ದ ಕಾಲ ಅದು.

ಊರು ಖಾಲಿಯಾದ ಇರುಳು

2023ರ ನವೆಂಬರ್ 10ರಂದು ಆ ಭಾವನೆ ಅಳಿಯಿತು. ನಮ್ಮೂರಿನಿಂದ ಇಪ್ಪತ್ತು ಕಿಲೋಮೀಟರಿನಷ್ಟು ದೂರದಲ್ಲಿ ಗ್ರಿಂಡವೀಕ್ ಎಂಬ ಮೀನುಗಾರರ ಪಟ್ಟಣ. ಜನಸಂಖ್ಯೆ ಮೂರೂವರೆ ಸಾವಿರಕ್ಕೂ ಹೆಚ್ಚು. ಆ ದಿನ ಮಧ್ಯಾಹ್ನದಿಂದ ನೆಲ ಬಿಡುವಿಲ್ಲದೆ ನಡುಗತೊಡಗಿತು. ಕೆಫ್ಲವೀಕಿನ ನಮ್ಮ ಮನೆಯಲ್ಲಿಯೂ ಕಪಾಟಿನ ಪಾತ್ರೆಗಳು ಒಂದಕ್ಕೊಂದು ತಾಗಿ ಸದ್ದುಮಾಡುತ್ತಿದ್ದವು. ಸುಮಾರು ಹದಿನೈದು ಕಿಲೋಮೀಟರು ಉದ್ದದ ಶಿಲಾಪಾಕದ ಹಾಳೆಯೊಂದು ನೆಲದಡಿ ನುಗ್ಗಿ ಗ್ರಿಂಡವೀಕಿನ ಕೆಳಕ್ಕೇ ಬಂದಿದೆಯೆಂದು ವಿಜ್ಞಾನಿಗಳು ಕಂಡುಕೊಂಡರು. ಅಂದು ರಾತ್ರಿಯೇ ಇಡೀ ಪಟ್ಟಣವನ್ನು ತೆರವುಮಾಡಲು ಆಜ್ಞೆಯಾಯಿತು.

ಕಾರುಗಳು ಸಾಲಾಗಿ ಹೊರಟವು. ನೂಕುನುಗ್ಗಲಿಲ್ಲ, ಕೂಗಾಟವಿಲ್ಲ, ಒಂದು ಜೀವವೂ ಹೋಗಲಿಲ್ಲ. ರೆಡ್ ಕ್ರಾಸ್ ಸಂಸ್ಥೆ ಆಟದ ಭವನಗಳಲ್ಲಿ ಪರಿಹಾರ ಕೇಂದ್ರಗಳನ್ನು ತೆರೆಯಿತು. ಬಹುಮಂದಿ ನೆಂಟರಿಷ್ಟರ ಮನೆ ಸೇರಿದರು. ಒಂದೆರಡು ರಾತ್ರಿಯ ಮಾತೆಂದು ಹೊರಟವರ ಪೈಕಿ ಹೆಚ್ಚಿನವರು ಮತ್ತೆ ಆ ಮನೆಗಳಲ್ಲಿ ಬಾಳುವೆ ಮಾಡಲಿಲ್ಲ.

ಕೆಲವು ದಿನಗಳಲ್ಲಿ, ಬಿಟ್ಟುಬಂದ ವಸ್ತುಗಳನ್ನು ತರಲು ಮನೆಯವರನ್ನು ಸರದಿಯಂತೆ ಒಳಗೆ ಬಿಟ್ಟರು. ಹಲವರಿಗೆ ದೊರೆತದ್ದು ಐದೇ ನಿಮಿಷ. ಐದು ನಿಮಿಷದಲ್ಲಿ ಒಂದು ಮನೆಯಿಂದ ಏನನ್ನು ತರಬಹುದು? ನಾಯಿ ಬೆಕ್ಕುಗಳನ್ನು ಮೊದಲು ತಂದರು. ಆಮೇಲೆ ಕಾಗದಪತ್ರ, ಔಷಧಿ, ಫೋಟೋ. ಈ ಸುದ್ದಿಯನ್ನು ಓದಿದ ರಾತ್ರಿ ನಾವು ನಮ್ಮ ಮನೆಯ ನಡುವೆ ನಿಂತು ಲೆಕ್ಕಹಾಕಿದೆವು. ನಮ್ಮ ಐದು ನಿಮಿಷಕ್ಕೆ ಸಿಕ್ಕಿದ್ದು ಪಾಸ್‌ಪೋರ್ಟು, ವಾಸದ ಪರವಾನಗಿ, ಮಗುವಿನ ಜನನಪತ್ರ, ಮದುವೆಯ ತಾಳಿ, ಊರಿನ ಜಮೀನಿನ ಪಟ್ಟಾದ ನಕಲು. ಮನೆ ನಮ್ಮದಲ್ಲ, ಮಂಚ ನಮ್ಮದಲ್ಲ. ಪರದೇಶಿಯ ಆಸ್ತಿಯೆಲ್ಲ ಕಾಗದವೇ ಎಂಬುದು ಅಂದು ಮನವರಿಕೆಯಾಯಿತು. ಆ ಕಾಗದಗಳು ಅಂದಿನಿಂದ ಬಾಗಿಲ ಬಳಿಯ ಚೀಲದಲ್ಲಿವೆ.

ಡಿಸೆಂಬರ್ 18ರ ರಾತ್ರಿ ಗ್ರಿಂಡವೀಕಿನ ಉತ್ತರಕ್ಕೆ ಸುಮಾರು ನಾಲ್ಕು ಕಿಲೋಮೀಟರು ಉದ್ದಕ್ಕೆ ನೆಲ ಸೀಳಿತು. 2024ರ ಜನವರಿ 14ರಂದು ಬೆಂಕಿ ಊರಿನಂಚಿನಲ್ಲಿಯೇ ಎದ್ದು ಮೂರು ಮನೆಗಳನ್ನು ನುಂಗಿತು. ಟೆಲಿವಿಷನ್ನಿನ ಮುಂದೆ ಕುಳಿತ ದೇಶವೆಲ್ಲ ಅದನ್ನು ಕಂಡಿತು. ಅದಕ್ಕೆ ನಾಲ್ಕು ದಿನ ಮೊದಲು, ಊರೊಳಗಿನ ಬಿರುಕೊಂದನ್ನು ಮುಚ್ಚುತ್ತಿದ್ದ ಕೆಲಸಗಾರನೊಬ್ಬ ಅದರೊಳಗೆ ಬಿದ್ದು ಕಣ್ಮರೆಯಾಗಿದ್ದ. ಆತನ ಹುಡುಕಾಟವನ್ನು ಕೈಬಿಡಬೇಕಾಯಿತು. ಬೆಂಕಿಗಿಂತ ಬಿರುಕು ಕ್ರೂರವೆಂದು ಇಲ್ಲಿಯ ಜನ ಈಗ ಹೇಳುತ್ತಾರೆ.

ಬಿಸಿನೀರು ನಿಂತ ದಿನಗಳು

ಅಗ್ನಿಪರ್ವತದ ಪಕ್ಕದಲ್ಲಿದ್ದು ಚಳಿಯಿಂದ ನಡುಗಿದೆವೆಂದರೆ ಓದುಗರು ನಗಬಹುದು. ಆದರೆ ನಮ್ಮ ಸಂಸಾರಕ್ಕೆ ನೇರವಾಗಿ ತಟ್ಟಿದ ಕಷ್ಟ ಅದೇ. ಈ ನಾಡಿನಲ್ಲಿ ಮನೆ ಬೆಚ್ಚಗಾಗುವುದು ಭೂಮಿಯ ಶಾಖದಿಂದ. ಗ್ರಿಂಡವೀಕಿನ ಬಳಿಯ ಸ್ವಾರ್ತ್ಸೆಂಗಿ ಸ್ಥಾವರದಲ್ಲಿ ಕಾಯಿಸಿದ ನೀರು ದಪ್ಪ ಕೊಳವೆಯಲ್ಲಿ ಹರಿದು ನಮ್ಮೂರುಗಳಿಗೆ ಬರುತ್ತದೆ. ಗೋಡೆಬದಿಯ ಕಬ್ಬಿಣದ ಪೆಟ್ಟಿಗೆಗಳಲ್ಲಿ ಸುತ್ತಿ ಕೋಣೆಗಳನ್ನು ಕಾಯಿಸುತ್ತದೆ. ನಲ್ಲಿಯಲ್ಲಿ ಸ್ನಾನಕ್ಕೂ ಒದಗುತ್ತದೆ. ಶಾಖವನ್ನು ಕೊಡುವ ನೆಲವೂ ಬೆಂಕಿಯನ್ನು ಉಗುಳುವ ನೆಲವೂ ಒಂದೇ.

2024ರ ಫೆಬ್ರವರಿ 8ರ ಮುಂಜಾನೆ ಬೆಂಕಿ ಮತ್ತೆ ಎದ್ದಿತು. ಲಾವಾ ಆ ಕೊಳವೆಯ ಮೇಲೆ ಹರಿದು ಅದನ್ನು ಒಡೆಯಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಬಿಸಿನೀರು ನಿಂತಿತು. ಹೊರಗೆ ನೀರು ಹೆಪ್ಪುಗಟ್ಟುವ ಚಳಿ. ಶಾಲೆಗಳನ್ನು ಮುಚ್ಚಿದರು. ಅಂಗಡಿಗಳಲ್ಲಿ ವಿದ್ಯುತ್ ಒಲೆಗಳು ಖಾಲಿಯಾದವು. ಎಲ್ಲರೂ ಒಮ್ಮೆಗೇ ಒಲೆ ಹಚ್ಚಿದರೆ ಊರಿನ ವಿದ್ಯುತ್ತೂ ಕೈಕೊಡುವುದಾದ್ದರಿಂದ, ಮಿತವಾಗಿ ಬಳಸಬೇಕೆಂದು ಮನೆಮನೆಗೂ ಸೂಚನೆ ಬಂದಿತು. ಮರುದಿನವೇ ಬೆಂಕಿ ತಣ್ಣಗಾಯಿತು. ನಮ್ಮ ಕಷ್ಟ ಮಾತ್ರ ತಣ್ಣಗಾಗಲಿಲ್ಲ. ಲಾವಾದಡಿ ಹೂಳಿದ್ದ ಬದಲಿ ಕೊಳವೆಯೂ ಕೆಟ್ಟಿತು. ಹೊಸದನ್ನು ಹೂಡಿ ನೀರು ಬಿಡುವ ಹೊತ್ತಿಗೆ ನಾಲ್ಕೈದು ದಿನ ಕಳೆದವು.

ಆ ದಿನಗಳಲ್ಲಿ ನಾವು ಮೂವರೂ ಒಂದೇ ಕೋಣೆಯಲ್ಲಿ, ಒಂದೇ ಒಲೆಯ ಸುತ್ತ, ಊರಿಂದ ತಂದ ಕಂಬಳಿ ಹೊದ್ದು ಮಲಗಿದೆವು. ಕೆಟಲಿನಲ್ಲಿ ನೀರು ಕಾಯಿಸಿ ಬಕೆಟಿಗೆ ಬೆರೆಸಿ ಚೊಂಬಿನಲ್ಲಿ ಮಿಂದೆವು. ಹಂಡೆಯ ನೀರಿನಲ್ಲಿ ಬೆಳೆದ ನಮಗೆ ಅದು ಹೊಸದಲ್ಲ. ಎದುರುಮನೆಯ ಪೋಲೆಂಡಿನ ಯುವಕರಿಗೆ ಬಕೆಟು ಚೊಂಬಿನ ಸ್ನಾನವನ್ನು ನಾವೇ ಹೇಳಿಕೊಟ್ಟೆವು. ಬಿಸಿ ಮುದ್ದೆ, ಹುರುಳಿ ಸಾರನ್ನು ಅವರೂ ಉಂಡರು. ಮೇಲಿನ ಮಹಡಿಯ ಈ ನಾಡಿನ ವೃದ್ಧೆಯೊಬ್ಬರು ತಮ್ಮ ಹೆಚ್ಚುವರಿ ಉಣ್ಣೆಯ ಅಂಗಿಯನ್ನು ನಮ್ಮ ಮಗುವಿಗೆ ತಂದುಕೊಟ್ಟರು. ಇಲ್ಲಿ ರಾಷ್ಟ್ರಾಧ್ಯಕ್ಷರನ್ನೂ ಜನ ಹೆಸರು ಹಿಡಿದೇ ಕರೆಯುವರು. ಅಷ್ಟು ಹಿರಿಯರನ್ನು ಹಾಗೆ ಕರೆಯಲು ನಮ್ಮ ನಾಲಗೆ ಏಳಲಿಲ್ಲ. ಅಂದಿನಿಂದ ಅವರು ನಮಗೆ 'ಅಜ್ಜಿ'. ಆ ಪದದ ಅರ್ಥ ತಿಳಿದ ಮೇಲೆ ಅವರಿಗೂ ಅದು ಹಿಡಿಸಿತು.

ಬೆಂಕಿ ಕಾಣದ ದಿನಗಳಲ್ಲಿಯೂ ಅದರ ಉಸಿರು ನಮ್ಮ ದಿನಚರಿಯನ್ನು ಆಳುತ್ತದೆ. ಗಾಳಿ ನಮ್ಮ ಕಡೆಗೆ ತಿರುಗಿದರೆ ಗಂಧಕದ ಅನಿಲ ಬರುತ್ತದೆ. ಆಗ ಕಿಟಕಿಗಳನ್ನು ಮುಚ್ಚಬೇಕು, ಆಸ್ತಮಾದವರು ಹೊರಬರಬಾರದು. ಈ ನಾಡಿನಲ್ಲಿ ಹಸುಗೂಸುಗಳನ್ನು ಬೆಚ್ಚಗೆ ಸುತ್ತಿ, ತಳ್ಳುಗಾಡಿಯಲ್ಲಿಟ್ಟು, ಚಳಿಗಾಳಿಯಲ್ಲಿಯೇ ಮನೆಯ ಹೊರಗೆ ಮಲಗಿಸುವ ಪದ್ಧತಿಯುಂಟು. ಬಾಣಂತಿಯ ಕೋಣೆಗೆ ಗಾಳಿಯೂ ಸೋಕದಂತೆ ಕಾಯುವ ನಮ್ಮವರು ಕೇಳಿದರೆ ಎದೆ ಹಿಡಿದುಕೊಂಡಾರು. ಅನಿಲವಿರುವ ದಿನ ಮಾತ್ರ ಆ ಕೂಸುಗಳೂ ಒಳಗೇ ಮಲಗಬೇಕೆಂದು ಸೂಚನೆ ಬರುತ್ತದೆ. ಬೆಳಗ್ಗೆ ಎದ್ದೊಡನೆ ಊರಿನಲ್ಲಿ ಮಳೆಯ ಮೋಡ ನೋಡುತ್ತಿದ್ದ ನಾವು ಇಲ್ಲಿ ಗಾಳಿಯ ದಿಕ್ಕು ನೋಡುತ್ತೇವೆ.

ಹಳೆಯ ಪಾಠ

ಈ ಜನರ ಶಾಂತಸ್ವಭಾವಕ್ಕೆ ಹಿನ್ನೆಲೆಯಿದೆ. 1783ರಲ್ಲಿ ಲಾಕಿ ಎಂಬಲ್ಲಿ ನೆಲ ಬಿರಿದು ಎಂಟು ತಿಂಗಳು ಉರಿದಾಗ, ವಿಷಾನಿಲದಿಂದ ಹುಲ್ಲು ಕೆಟ್ಟು, ದನಕುರಿಗಳು ಸತ್ತು, ಕ್ಷಾಮ ತಗುಲಿ ದೇಶದ ಐದರಲ್ಲೊಂದು ಪಾಲು ಜನ ಅಳಿದರು. 1973ರ ಜನವರಿ 23ರ ನಡುರಾತ್ರಿಯ ಬಳಿಕ ಹೇಮಾಯ್ ಎಂಬ ಪುಟ್ಟ ದ್ವೀಪದ ಊರಂಚಿನಲ್ಲಿ ಬೆಂಕಿ ಎದ್ದಿತು. ಹಿಂದಿನ ದಿನದ ಬಿರುಗಾಳಿಯಿಂದಾಗಿ ಮೀನುದೋಣಿಗಳೆಲ್ಲ ಬಂದರಿನಲ್ಲಿಯೇ ನಿಂತಿದ್ದವು; ಐದು ಸಾವಿರಕ್ಕೂ ಹೆಚ್ಚು ಜನ ಆ ರಾತ್ರಿಯೇ ಅವುಗಳನ್ನೇರಿ ಪಾರಾದರು. ನಾನೂರರಷ್ಟು ಮನೆಗಳು ಹೋದವು. ಬಂದರಿನ ಬಾಯಿ ಮುಚ್ಚಲು ಬಂದ ಲಾವಾದ ಮೇಲೆ ಕಡಲನೀರನ್ನು ತಿಂಗಳುಗಟ್ಟಲೆ ಹಾಯಿಸಿ ಅದನ್ನು ಹೆಪ್ಪುಗಟ್ಟಿಸಿದರು. ಬೆಂಕಿ ಆರಿದ ಮೇಲೆ ಬಹುಪಾಲು ಜನ ಮರಳಿದರು. ಅದೇ ಲಾವಾದ ಶಾಖದಿಂದ ಕೆಲವು ವರ್ಷ ಮನೆಗಳನ್ನೂ ಕಾಯಿಸಿಕೊಂಡರು.

ಆ ಅನುಭವದಿಂದ ಪ್ರಕೃತಿವಿಕೋಪಕ್ಕೆಂದೇ ರಾಷ್ಟ್ರೀಯ ವಿಮೆಯ ಏರ್ಪಾಡಾಯಿತು. ಇಲ್ಲಿ ಪ್ರತಿ ಕಟ್ಟಡಕ್ಕೂ ಅದು ಕಡ್ಡಾಯ. ಗ್ರಿಂಡವೀಕಿನವರು ಬಯಸಿದರೆ ಅವರ ಮನೆಗಳನ್ನು ಬೆಂಕಿವಿಮೆಯ ಬೆಲೆಯ ನೂರಕ್ಕೆ 95ರಂತೆ ಕೊಳ್ಳಲು ಸರ್ಕಾರ 2024ರಲ್ಲಿ ಸಂಸ್ಥೆಯೊಂದನ್ನೇ ಸ್ಥಾಪಿಸಿತು. ಆದರೆ ಬಾಡಿಗೆಗಿದ್ದ ಪರದೇಶಿಯರಿಗೆ ಮಾರಲು ಮನೆಯಿರಲಿಲ್ಲ. ಬೇರೆಡೆ ಬಾಡಿಗೆ ಕಟ್ಟಲು ಅವರಿಗೂ ನೆರವು ದೊರೆಯಿತೆಂಬುದು ನಿಜ. ಆದರೆ ದುಡಿಯುವ ಜಾಗವೇ ಮುಚ್ಚಿದರೆ ಕೆಲಸವನ್ನು ನೆಚ್ಚಿದ ವಾಸದ ಪರವಾನಗಿಯ ಗತಿಯೇನೆಂಬ ಚಿಂತೆ ನಮ್ಮಂಥವರನ್ನು ಬಿಟ್ಟಿರುವುದಿಲ್ಲ. ಮನೆಯೊಳಗಿನ ಸಾಮಾನಿಗೆ ಬೇರೆಯೇ ವಿಮೆ ಮಾಡಿಸಬೇಕೆಂಬುದನ್ನೂ ಹೊರಗಿನಿಂದ ಬರುವವರು ನೆನಪಿಡಬೇಕು.

ಗ್ರಿಂಡವೀಕಿನ ಬಳಿ 2023ರ ಡಿಸೆಂಬರಿನಿಂದ 2025ರ ಜುಲೈವರೆಗೆ ಒಂಬತ್ತು ಬಾರಿ ಬೆಂಕಿ ಎದ್ದಿದೆ. ಮಣ್ಣುಕಲ್ಲಿನ ಎತ್ತರದ ಒಡ್ಡುಗಳು ಊರನ್ನೂ ಸ್ಥಾವರವನ್ನೂ ಕಾಯುತ್ತಿವೆ. ನಮ್ಮ ಕೆಫ್ಲವೀಕಿನ ವಿಮಾನಗಳಿಗೆ ಇದರಿಂದ ಹೆಚ್ಚು ತೊಂದರೆಯಾಗಲಿಲ್ಲ. 2010ರ ಏಪ್ರಿಲಿನಲ್ಲಿ ಯುರೋಪಿನ ವಿಮಾನಗಳನ್ನೆಲ್ಲ ನೆಲಕ್ಕಿಳಿಸಿದ್ದು ಹಿಮನದಿಯ ಕೆಳಗಿನ ಬೇರೆ ಪರ್ವತ. ಅಲ್ಲಿ ಬೆಂಕಿಗೆ ಹಿಮದ ನೀರು ಸೇರಿ ಬೂದಿ ಮುಗಿಲೆತ್ತರಕ್ಕೆ ಎದ್ದಿತ್ತು. ಇಲ್ಲಿಯದು ಬೂದಿಯಿಲ್ಲದೆ ಹರಿಯುವ ಬೆಂಕಿ.

ಎಚ್ಚರಿಕೆಯ ಭಾಷೆ

ಈಗ ನಾವು ಮುಖ್ಯವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇವೆ. ಈ ನಾಡಿನವರು ತಮ್ಮ ಭಾಷೆಯನ್ನು ಕಣ್ಣಿನಂತೆ ಕಾಪಾಡುತ್ತಾರೆ. ಕಂಪ್ಯೂಟರು, ಟೆಲಿಫೋನುಗಳಿಗೂ ತಮ್ಮದೇ ಪದಗಳನ್ನು ಕಟ್ಟಿಕೊಂಡಿದ್ದಾರೆ. ಬೆಂಕಿ ಏಳುವುದಕ್ಕೆ ಅವರು 'ಎಲ್ಡ್‌ಗೋಸ್' ಎನ್ನುತ್ತಾರೆ. ಎಲ್ಡ್ ಎಂದರೆ ಬೆಂಕಿ, ಗೋಸ್ ಎಂದರೆ ಉಕ್ಕು. ಊರು ತೆರವುಮಾಡುವುದು 'ರೀಮಿಂಗ್'. ನಾವು ಇಲ್ಲಿಗೆ ಬಂದಾಗ ಅಂಗಡಿಯ ಲೆಕ್ಕ, ನಮಸ್ಕಾರ, ಧನ್ಯವಾದಗಳಷ್ಟು ಭಾಷೆ ಸಾಕೆಂದಿದ್ದೆವು. ನವೆಂಬರಿನ ಆ ರಾತ್ರಿ ತಿಳಿಯಿತು, ಮೊದಲು ಕಲಿಯಬೇಕಾದ ಪದ ರೀಮಿಂಗ್ ಎಂದು.

ಇಷ್ಟು ಭಾಷಾಭಿಮಾನಿಗಳಾದರೂ ಅಪಾಯದ ವೇಳೆಯಲ್ಲಿ ಈ ಜನ ತಮ್ಮ ಭಾಷೆಯನ್ನು ಪರರ ಮೇಲೆ ಹೇರಲಿಲ್ಲ. ಮೊಬೈಲಿಗೆ ಬರುವ ಎಚ್ಚರಿಕೆ ಐಸ್‌ಲೆಂಡಿಕ್ ಭಾಷೆಯೊಡನೆ ಇಂಗ್ಲಿಷಿನಲ್ಲಿಯೂ ಬಂದಿತು. ಸೂಚನೆಗಳನ್ನು ಪೋಲಿಷ್ ಭಾಷೆಯಲ್ಲಿಯೂ ಪ್ರಕಟಿಸಿದರು. ರಾಷ್ಟ್ರೀಯ ಪ್ರಸಾರ ಸಂಸ್ಥೆ ಈ ಎರಡೂ ಭಾಷೆಗಳಲ್ಲಿ ಸುದ್ದಿ ಕೊಟ್ಟಿತು. ಮೀನು ಕೊಯ್ಯುವ ಕೆಲಸಗಾರನ ಜೀವವೂ ತಮ್ಮವರ ಜೀವದಷ್ಟೇ ತೂಕದ್ದೆಂದು ಒಂದು ಸರ್ಕಾರ ತೋರಿಸಬಹುದಾದ ಸರಳ ದಾರಿ ಇದು.

ಗಡಿನಾಡಿನ ಓದುಗರಿಗೆ ಇದರ ಬೆಲೆ ಬೇರೆಯವರಿಗಿಂತ ಚೆನ್ನಾಗಿ ತಿಳಿದೀತು. ಮನೆಯಲ್ಲೊಂದು ಮಾತು, ಕಚೇರಿಯಲ್ಲೊಂದು ಬರಹ ಎಂಬುದು ನಾವು ಹುಟ್ಟಿನಿಂದ ಕಂಡ ಬದುಕು. ಪಡಿತರದ ಚೀಟಿಯನ್ನೋ ಕಂದಾಯದ ರಸೀದಿಯನ್ನೋ ಓದಿಸಿಕೊಳ್ಳಲು ನಾಳೆಯವರೆಗೆ ಕಾಯಬಹುದು, ಎಚ್ಚರಿಕೆಗೆ ನಾಳೆಯೆಂಬುದಿಲ್ಲ. ಅಪಾಯವೂ ನಮಗೆ ಹೊಸದಲ್ಲ. ಫಸಲಿನ ಕಾಲದಲ್ಲಿ ಅಟ್ಟಣೆಯ ಮೇಲೆ ಕುಳಿತು ಆನೆ ಕಾಯುವ ರೈತನಿಗೆ ಪಕ್ಕದ ಹೊಲದ ಕೂಗು ಅರ್ಥವಾಗದಿದ್ದರೆ ಆ ರಾತ್ರಿ ಅವನ ಪಾಲಿಗೆ ಏನಾದೀತು? 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಬೆಟ್ಟ ಜರಿದು ನೂರಾರು ಮಂದಿ ಮಡಿದರು. ಅವರಲ್ಲಿ ಚಾಮರಾಜನಗರ ಸೀಮೆಯಿಂದ ಗಡಿದಾಟಿ ದುಡಿಯಲು ಹೋಗಿ ನೆಲೆಸಿದ್ದ ನಮ್ಮವರೂ ಇದ್ದರು. ಬೆಂಕಿಯೋ ಕೆಸರೋ, ದುಡಿಯಲು ಹೋದ ನೆಲದ ಗುಣವನ್ನು ಹೋದವರು ಅರಿಯಬೇಕು. ಹೋದವರ ಮಾತನ್ನು ಆ ನೆಲದವರು ಅರಿಯಬೇಕು.

ನಾವು ನಮ್ಮ ಪಾಲನ್ನು ಮಾಡಿದ್ದೇವೆ. ವಾರಕ್ಕೆರಡು ಸಂಜೆ ಈ ನಾಡಿನ ಭಾಷೆ ಕಲಿಯುತ್ತೇವೆ. ಮೇಲಿನ ಮಹಡಿಯ ಅಜ್ಜಿ ಉಚ್ಚಾರ ತಿದ್ದುತ್ತಾರೆ. ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿದ್ದೇವೆ. ತುರ್ತು ದೂರವಾಣಿ 112, ಹೊರಡುವ ದಾರಿ, ಕೂಡುವ ಜಾಗ, ಒಯ್ಯುವ ಚೀಲ, ನಿಲ್ಲಿಸಬೇಕಾದ ಒಲೆ, ಇವೆಲ್ಲ ಅದರಲ್ಲಿ ಕನ್ನಡದಲ್ಲಿವೆ. ಗಾಬರಿಯಾದಾಗ ಮನಸ್ಸು ಕಲಿತ ಭಾಷೆಗಳನ್ನೆಲ್ಲ ಬಿಟ್ಟು ತಾಯಿನುಡಿಗೇ ಓಡುತ್ತದೆಂಬುದನ್ನು ನಾವು ಅನುಭವದಿಂದ ಬಲ್ಲೆವು. ಕೆಳಗೆ ಅದನ್ನೇ ಇಂಗ್ಲಿಷಿನಲ್ಲಿ ಬರೆದಿದ್ದೇವೆ, ನಾವು ಮನೆಯಲ್ಲಿಲ್ಲದಾಗ ಮಗುವನ್ನು ಕರೆದೊಯ್ಯಲು ಬರುವವರಿಗಾಗಿ. ಗಡಿಯಾಚೆ ಮನೆ ಮಾಡಿರುವ ಬಂಧುಗಳು, ಅದು ಯಾವ ಗಡಿಯಾದರೂ ಸರಿ, ಇಂಥದೊಂದು ಹಾಳೆಯನ್ನು ಇಂದೇ ಬರೆದು ಅಂಟಿಸಿಕೊಳ್ಳಲಿ. ಮನೆಯ ಹಿರಿಯರಿಗೂ ಎಳೆಯರಿಗೂ ಅದನ್ನು ಒಮ್ಮೆ ಗಟ್ಟಿಯಾಗಿ ಓದಿ ಹೇಳಲಿ.